ಮಾವನವರನ್ನು ಕಲಸಿದ ಬಟ್ಟಲು

ನಮ್ಮ ಅಡುಗೆಮನೆಯ ಗೂಡಿನಲ್ಲಿ ಅಂಚು ಸೊಟ್ಟಗಾದ ಒಂದು ಸ್ಟೀಲ್ ಬಟ್ಟಲಿದೆ. ಹುಣಸೆಹಣ್ಣು ಹಾಕಿ ಉಜ್ಜಿದೆ, ಬೂದಿ ಹಾಕಿ ಉಜ್ಜಿದೆ, ತಳದಲ್ಲಿ ಕೂತ ಕಂದು ಕಲೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಮೊನ್ನೆ ಎದುರುಮನೆಯವರು ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದವರು ತಾವೇ ಕೈಚಾಚಿ ಆ ಬಟ್ಟಲನ್ನು ತೆಗೆದುಕೊಂಡರು. ಒಳಗೆ ನೋಡಿ, "ಇದ್ರಲ್ಲಿ ಏನು ಮಾಡಿದ್ರಿ?" ಎಂದರು.

"ನಮ್ಮ ಮಾವನವರನ್ನು ಕಲಸಿದ್ದೆ" ಎಂದೆ.

ಅವರು ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, ಮೊಸರು ಆಮೇಲೆ ತೆಗೆದುಕೊಂಡು ಹೋಗುತ್ತೇನೆ ಎಂದು ಹೊರಟುಹೋದರು. ಇನ್ನೂ ಬಂದಿಲ್ಲ. ಅವರು ನಮ್ಮ ಬೀದಿಗೆ ಹೊಸಬರು, ಅವರ ತಪ್ಪೇನೂ ಇಲ್ಲ. ನಿಮಗಾದರೂ ಪೂರ್ತಿ ಹೇಳಿಬಿಡುತ್ತೇನೆ.

ನಮ್ಮ ಅತ್ತೆಯವರ ಕಣ್ಣಿನ ಪೊರೆ ತೆಗೆಸಿದ್ದು ಕಳೆದ ಭಾದ್ರಪದದಲ್ಲಿ. ವರ್ಷಗಟ್ಟಲೆ ಮಂಜಿನೊಳಗೆ ಓಡಾಡಿಕೊಂಡಿದ್ದವರಿಗೆ ಇದ್ದಕ್ಕಿದ್ದಂತೆ ಅರಸೀಕೆರೆ ಪೂರ್ತಿ ಕಾಣತೊಡಗಿತು. ಕಂಡಿದ್ದನ್ನು ಕಂಡಹಾಗೆ ಹೇಳುವ ಸ್ವಭಾವ ಅವರದು. ಹಾಗಾಗಿ ಆ ವಾರ ನಮಗೆ ಕಷ್ಟವಾಯಿತು. "ಶೋಭಾ, ಫ್ಯಾನಿನ ರೆಕ್ಕೆ ಮೇಲೆ ಹೊಲ ಉಳಬೌದು ಕಣೇ, ಅಷ್ಟು ಮಣ್ಣೈತೆ." "ನಿನ್ನ ತಲೇಲಿ ಇಷ್ಟೊಂದು ಬೆಳ್ಳಗಾಗೈತಾ? ಯಾವಾಗ ಆಯ್ತು? ಹೇಳಾದಲ್ವಾ?" ಹೈಸ್ಕೂಲು ಮೇಷ್ಟ್ರಾದ ನಮ್ಮವರು ಶಾಲೆಗೆ ಹೊರಟು ನಿಂತಾಗ, "ಇದೇನ್ಲಾ, ಈ ಅಂಗಿ ಹಾಕ್ಕಂಡು ಪಾಠ ಮಾಡ್ತೀಯಾ? ಹುಡುಗ್ರು ನಗಾಕಿಲ್ವಾ?" ಎಂದರು.

ನಾಲ್ಕನೆಯ ದಿನ ಬೆಳಿಗ್ಗೆ ಊದುಬತ್ತಿ ಹಿಡಿದು ನಡುಮನೆಯ ಗೋಡೆಯ ಮುಂದೆ ನಿಂತರು. ಅಲ್ಲಿ ಆರು ವರ್ಷದ ಹಿಂದೆ ತೀರಿಕೊಂಡ ನಮ್ಮ ಮಾವನವರ ದೊಡ್ಡ ಫೋಟೋ ಇದೆ, ಗಂಧದ ಹಾರ ಹಾಕಿದ್ದು. ದಿನಾ ಕೈಮುಗಿದು ಬರುವವರು ಅವತ್ತು ಕೈ ಎತ್ತಲೇ ಇಲ್ಲ.

"ಇದ್ಯಾರು ಶೋಭಾ?"

"ಮಾವ ಅಲ್ವಾ ಅತ್ತೆ."

"ಯಾವ ಮಾವ?"

"ನಮ್ಮ ಮಾವ. ನಿಮ್ಮ ಯಜಮಾನ್ರು."

"ಯಾರಿಗೇಳ್ತೀಯ? ಇವ್ನು ಯಾರೋ ಬಿಳೀ ಮನ್ಸ. ತುಟಿಗೆ ಬಣ್ಣ ಬೇರೆ ಹಾಕ್ಕಂಡವ್ನೆ. ಕೋಟು ನೋಡು ಕೋಟ!"

ನಾನೂ ನೋಡಿದೆ. ದಿನಾ ಧೂಳು ಒರೆಸುತ್ತಿದ್ದ ಫೋಟೋವನ್ನು ಅವತ್ತೇ ಮೊದಲು ನೋಡಿದ ಹಾಗಾಯಿತು. ನಮ್ಮ ಮಾವನವರು ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಸುತ್ತಿಗೆ ಹೆಗಲ ಮೇಲಿಟ್ಟುಕೊಂಡು ಬಿಸಿಲಿನಲ್ಲಿ ಮೈಲಿಗಟ್ಟಲೆ ನಡೆದು, ಕೆಂಡದ ಮೇಲಿಟ್ಟ ಗೆಣಸಿನ ಹಾಗೆ ಒಳಗೂ ಹೊರಗೂ ಬೆಂದಿದ್ದ ಮನುಷ್ಯ. ಫೋಟೋದಲ್ಲಿದ್ದವರಿಗೆ ಸೇಬಿನ ಕೆನ್ನೆ. ಹುಬ್ಬು ತಿದ್ದಿದ ಹಾಗಿತ್ತು. ಜೀವಮಾನದಲ್ಲಿ ತೊಡದಿದ್ದ ನೀಲಿ ಕೋಟು, ಹಿಂದೆ ಹಿಮ ಬಿದ್ದ ಒಂದು ಬೆಟ್ಟ. ಪಕ್ಕದ ಬಾಣಾವರ ದಾಟಿ ಆಚೆಗೆ ಹೋಗಲು ಒಪ್ಪದಿದ್ದವರು ಅವರು.

ಅತ್ತೆ ಊದುಬತ್ತಿಯನ್ನು ಹಿಂದಕ್ಕೆಳೆದುಕೊಂಡರು. "ಆರು ವರ್ಷ ಪರಪುರುಷನಿಗೆ ಊದುಬತ್ತಿ ಹಚ್ಚಿದ್ನಲ್ಲೇ!"

ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವರಿಗೆ ಮುಂದಿನ ಯೋಚನೆ ಬಂದಿತ್ತು. ಮಹಾಲಯ ಅಮಾವಾಸ್ಯೆಗೆ ಹನ್ನೊಂದು ದಿನ ಉಳಿದಿತ್ತು. ನಮ್ಮ ಕಡೆ ಅವತ್ತು ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಫೋಟೋದ ಮುಂದೆ ಬಾಳೆಯೆಲೆ ಹಾಸಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಂದೆಳೆದು, ಮನೆಯವರೆಲ್ಲ ಸ್ವಲ್ಪ ಹೊತ್ತು ಆಚೆ ನಿಲ್ಲುವುದು. ಅಷ್ಟರಲ್ಲಿ ಹಿರಿಯರು ಬಂದು ಉಂಡು ಹೋಗುತ್ತಾರೆ. ಆಮೇಲೆ ನಾವು.

"ಫೋಟೋ ಗುರ್ತು ಹಿಡ್ಕಂಡು ತಾನೇ ಅವರು ಬರಾದು?" ಎಂದರು ಅತ್ತೆ. "ಆರು ವರ್ಷದಿಂದ ಈ ಬಿಳಿಯಪ್ಪ ಬಂದು ಕೋಳಿಸಾರು ಉಂಡ್ಕಂಡು ಹೋಗವ್ನೆ. ನಮ್ಮೋರು ಬಾಗ್ಲಲ್ಲಿ ನಿಂತು ನೋಡಿ, ಯಾರ ಮನೆಯೋ ಏನೋ ಅಂತ ಹಸ್ಕಂಡು ವಾಪಸ್ ಹೋಗವ್ರೆ."

"ಅವ್ವ, ಅದು ಬರೀ ಫೋಟೋ" ಎಂದರು ನಮ್ಮವರು.

"ಬರೀ ಫೋಟೋ ಆದ್ರೆ ನಿಮ್ಮಪ್ಪನ ಜಾಗ್ದಲ್ಲಿ ಆ ಸೋಪಿನ ಕ್ಯಾಲೆಂಡರ್ ನೇತಾಕು. ಈ ಸಲ ಇವನ ಮುಂದೆ ಎಡೆ ಇಟ್ರೆ ನಾನು ಒಲೆ ಮುಂದಕ್ಕೆ ಬರಾಕಿಲ್ಲ, ಅಷ್ಟೆಯ."

ಅಷ್ಟು ಹೇಳಿ ಸುಮ್ಮನಾಗಿದ್ದರೆ ನಾನೂ ಇದನ್ನು ಒಂದು ತಮಾಷೆ ಎಂದುಕೊಂಡು ಮರೆಯುತ್ತಿದ್ದೆ. ಮಧ್ಯಾಹ್ನ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದಾಗ ಮೆಲ್ಲಗೆ ಅಂದರು: "ಕಣ್ಮುಚ್ಚಿದ್ರೂ ಆ ಕೋಟಿನೋನೇ ಬತ್ತಾನೆ ಕಣೇ. ನಿಮ್ಮ ಮಾವನ ಮುಖ ಬತ್ತಾ ಇಲ್ಲ. ನಾನೇ ಮರ್ತುಬಿಟ್ಟಿದ್ದೀನಿ."

ನಾನು ಕೈಯಲ್ಲಿದ್ದ ಹುರುಳಿಕಾಯಿಯನ್ನು ನಾರಿನ ರಾಶಿಗೆ ಹಾಕಿ ನಾರನ್ನು ಪಾತ್ರೆಗೆ ಹಾಕಿದೆ.

ಸಂಜೆ ನಾನೂ ನಮ್ಮವರೂ ಆ ಫೋಟೋ ಹೊತ್ತು, ಅದನ್ನು ಮಾಡಿಕೊಟ್ಟಿದ್ದ ಪೇಟೆಬೀದಿಯ ಮಂಜಣ್ಣನ ಸ್ಟುಡಿಯೋಗೆ ಹೋದೆವು. ಹಳೆಯ ಫೋಟೋ ಏನಾದರೂ ಸಿಕ್ಕೀತೇ ಎಂಬ ಆಸೆ. ಮನೆಯಲ್ಲಿ ಉಳಿದಿದ್ದು ಅವರ ವೋಟರ್ ಕಾರ್ಡು ಒಂದೇ, ಅದರಲ್ಲಿ ಮುಖವಿದ್ದ ಕಡೆ ಹೆಬ್ಬೆಟ್ಟು ಒತ್ತಿದ ಹಾಗಿತ್ತು. ನಮ್ಮ ಮದುವೆ ಆಲ್ಬಮ್ಮಿನಲ್ಲಿ ಇದ್ದಾರೆ, ಆದರೆ ಪ್ರತಿ ಫೋಟೋದಲ್ಲೂ ಅವರ ಮುಂದೆ ಯಾರದೋ ಪೇಟ. ಮಂಜಣ್ಣ ತಲೆಯಾಡಿಸಿದ. ಅಂಗಡಿ ಬದಲಾಯಿಸುವಾಗ ಹಳೆಯ ಕಂಪ್ಯೂಟರು ಹೋಯಿತಂತೆ, ಅದರೊಳಗೆ ನಮ್ಮ ಮಾವನವರೂ ಹೋದರಂತೆ.

"ಅಷ್ಟೊಂದು ಬೆಳ್ಳಗೆ ಯಾಕ್ರೀ ಮಾಡಿದ್ರಿ?" ಎಂದು ನಮ್ಮವರು ದಬಾಯಿಸಿದರು.

ಮಂಜಣ್ಣ ನನ್ನ ಕಡೆ ನೋಡಿದ. "ಮೇಡಮ್ಮೇ ಅಲ್ವಾ ಸಾರ್ ಪಕ್ಕದಲ್ಲಿ ನಿಂತ್ಕೊಂಡು ಹೇಳ್ತಿದ್ದಿದ್ದು? 'ಕಳೆ ಬರಲಿ, ಇನ್ನೂ ಸ್ವಲ್ಪ ಮಾಡಿ, ಇನ್ನೂ ಸ್ವಲ್ಪ' ಅಂತ. ನಾನು ಸಾಕು ಅಂದೆ. ಕೋಟೂ ಅವರೇ ಸೆಲೆಕ್ಟ್ ಮಾಡಿದ್ದು."

ನಮ್ಮವರು ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿದ್ದ ಯಾರದೋ ಮಗುವಿನ ನಾಮಕರಣದ ಫೋಟೋ ನೋಡಿದೆ.

ನಿಜ. ನಾನೇ ಹೇಳಿದ್ದು. ಆಗ ಅದು ಒಳ್ಳೆಯ ಸೊಸೆಯ ಕೆಲಸ ಎಂದುಕೊಂಡಿದ್ದೆ. ಈ ಬುದ್ಧಿ ನನಗೆ ಎಲ್ಲಿಂದ ಬಂತು ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ, ಹೇಗೂ ನಮ್ಮವರು ಮಾತಾಡುತ್ತಿರಲಿಲ್ಲ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಪ್ರತಿ ಡಿಸೆಂಬರಿನಲ್ಲೂ ಅಲ್ಲಿ ಕ್ರಿಸ್ತನ ಜನನದ ನಾಟಕ. ಹಸುಗೂಸನ್ನು ನೋಡಲು ಮೂವರು ರಾಜರು ಬರುತ್ತಾರೆ, ಅವರಲ್ಲಿ ಒಬ್ಬ ಕಪ್ಪು ರಾಜ. ಒಂದನೇ ತರಗತಿಯಿಂದ ಏಳನೆಯವರೆಗೆ ಆ ಸಿಂಹಾಸನ ನನ್ನದೇ. ಬೇರೆ ಹುಡುಗಿಯರು ಮೇರಿಯಾಗಲು, ದೇವದೂತೆಯಾಗಲು ಕಿತ್ತಾಡುತ್ತಿದ್ದರೆ ನನ್ನ ಪಾತ್ರಕ್ಕೆ ಸ್ಪರ್ಧಿಗಳೇ ಇರಲಿಲ್ಲ. ಸಿಸ್ಟರ್ ಅಗಾಥಾ ನನ್ನ ಗಲ್ಲ ಹಿಡಿದು, "ನೋಡಿ, ಇವಳಿಗೆ ಮೇಕಪ್ಪೇ ಬೇಡ!" ಎಂದು ಪ್ರೀತಿಯಿಂದಲೇ ಹೇಳುತ್ತಿದ್ದರು. ನಾನೂ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡು ಮನೆಯಲ್ಲಿ ಹೇಳಿದ್ದೆ. ನಮ್ಮಮ್ಮ ಮಾರನೆಯ ದಿನದಿಂದ ಕಡಲೆಹಿಟ್ಟಿಗೆ ಕೆನೆ ಕಲಸಲು ಶುರುಮಾಡಿದರು.

ಅದೇ ಸಿಸ್ಟರ್ ಶುಕ್ರವಾರದ ಕೊನೆಯ ಪಿರಿಯಡ್ಡಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಬಣ್ಣದ ಪೆಟ್ಟಿಗೆಯಲ್ಲಿ ಒಂದು ಟ್ಯೂಬಿನ ಮೇಲೆ ಇಂಗ್ಲಿಷಿನಲ್ಲಿ ಮೈಬಣ್ಣ ಎಂದೇ ಬರೆದಿತ್ತು. ಹಿಂಡಿದರೆ ತೆಳುಗುಲಾಬಿ. ಯಾರ ಮೈಬಣ್ಣ ಎಂದು ಬರೆದಿರಲಿಲ್ಲ, ನಾವೂ ಕೇಳಲಿಲ್ಲ. ಅದರಲ್ಲೇ ಏಸುವನ್ನು ಬರೆದೆ, ಒನಕೆ ಓಬವ್ವನನ್ನು ಬರೆದೆ, ಹಾಲು ಹಾಕುವ ತಿಮ್ಮಯ್ಯನನ್ನೂ ಬರೆದೆ. ಒಮ್ಮೆ 'ನಾನು' ಎಂಬ ವಿಷಯ ಕೊಟ್ಟರು. ಗೋಡೆಗೆ ಅಂಟಿಸಿದ್ದ ನನ್ನ ಚಿತ್ರದ ಮುಂದೆ ಅಪ್ಪ ಬಹಳ ಹೊತ್ತು ನಿಂತು, "ಚೆನ್ನಾಗಿದೆ ಪುಟ್ಟಿ. ಇದು ನಿಮ್ಮ ಸಿಸ್ಟರಾ?" ಎಂದು ಕೇಳಿದ್ದರು.

ಇಂಥ ತರಬೇತಿ ಪಡೆದವಳನ್ನು ಮಂಜಣ್ಣನ ಕಂಪ್ಯೂಟರ್ ಪಕ್ಕದಲ್ಲಿ ನಿಲ್ಲಿಸಿದರೆ ಇನ್ನೇನಾಗುತ್ತದೆ?

ಮಂಜಣ್ಣ ಒಳ್ಳೆಯವನೇ. ಇದ್ದ ಫೋಟೋವನ್ನೇ ತಿರುಗಿ ಕಪ್ಪು ಮಾಡಿ ಎರಡು ದಿನದಲ್ಲಿ ಕಳಿಸಿದ. ಅತ್ತೆ ಬೆಳಕಿಗೆ ಹಿಡಿದು ನೋಡಿ, "ಅದೇ ಬಿಳಿಯಪ್ಪನಿಗೆ ಮಸಿ ಬಳ್ದವ್ರೆ. ಪಾಪ, ಅವನಿಗ್ಯಾಕೆ ಹಿಂಗ್ ಮಾಡಿದ್ರಿ?" ಎಂದು ವಾಪಸ್ ಕೊಟ್ಟರು. ಒಂಬತ್ತು ದಿನ ಉಳಿಯಿತು.

ಆಗ ನೆನಪಾಗಿದ್ದು ಫಿಲೋಮಿನಾಳ ಪುಸ್ತಕ. ಕಾನ್ವೆಂಟಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಫಿಲೋಮಿನಾ. ಈಗ ಆಫ್ರಿಕಾದಲ್ಲಿ, ಘಾನಾ ದೇಶದ ಅಕ್ರಾ ಎಂಬ ಊರಿನಲ್ಲಿ ಲೆಕ್ಕದ ಟೀಚರು. ಎರಡು ವರ್ಷದ ಹಿಂದೆ ರಜಕ್ಕೆ ಬಂದಾಗ, "ನೀನು ಚಿತ್ರ ಬರೀತಿದ್ಯಲ್ಲ" ಎಂದು ಒಂದು ದೊಡ್ಡ ಪುಸ್ತಕ ತಂದುಕೊಟ್ಟಿದ್ದಳು. ಆಫ್ರಿಕಾದ, ಮತ್ತು ಅಲ್ಲಿಂದ ಚೆದುರಿ ಲಂಡನ್ನು ಅಮೆರಿಕ ಅಂತ ನೆಲೆಸಿದ ಜನದ, ಈಗಿನ ಕಾಲದ ಚಿತ್ರಕಾರರು ಬರೆದ ಮನುಷ್ಯರ ಚಿತ್ರಗಳು. ನಾನು ಎರಡು ಹಾಳೆ ತಿರುವಿ, ಎಷ್ಟು ಭಾರ ಎಂದು ಮೆಚ್ಚಿ, ನಿಂಬೆಕಾಯಿ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಹೇರಿದ್ದೆ. ಆ ಕೆಲಸಕ್ಕೆ ಅಷ್ಟು ಹೊಂದುವ ಪುಸ್ತಕ ನಮ್ಮ ಮನೆಯಲ್ಲಿ ಬೇರೊಂದಿರಲಿಲ್ಲ.

ಕೆಳಗಿಳಿಸಿ, ಒರೆಸಿ, ಅತ್ತೆಯ ತೊಡೆಯ ಮೇಲಿಟ್ಟೆ. ಇಬ್ಬರೂ ನೋಡುತ್ತ ಹೋದೆವು.

ಮೊದಲನೆಯದರಲ್ಲಿ ಹಳದಿ ಸೋಫಾದ ಮೇಲೆ ಬನಿಯನ್ನಿನಲ್ಲಿ ಕೂತ ಒಬ್ಬ ಗಂಡಸು, ಕಾಲ ಮೇಲೆ ಕಾಲು. ಮುಖ ಮಳೆಯಲ್ಲಿ ನೆಂದ ಸ್ಲೇಟಿನ ಹಾಗೆ ನೀಲಿಗಪ್ಪು. "ಕುಂತಿರೋ ಠೀವಿ ನೋಡು" ಎಂದರು ಅತ್ತೆ. "ಯಾರೋ ಗೌಡ್ರೇ ಇರಬೇಕು." ಮುಂದಿನದರಲ್ಲಿ ಒಬ್ಬ ಹೆಂಗಸಿನ ಉಡುಗೆಯ ಹೂವು, ಹಿಂದಿನ ಗೋಡೆಯ ಹೂವು ಎರಡೂ ಒಂದೇ. "ಒಂದೇ ಥಾನಿನಲ್ಲಿ ಗೋಡೆಗೂ ತಂದವ್ರೆ, ಉಡಾಕೂ ತಂದವ್ರೆ. ಜಾಣೆ." ಒಂದು ಮಗು ಅಜ್ಜಿಯ ಮೊಣಕಾಲ ನಡುವೆ ತಲೆ ಬಾಚಿಸಿಕೊಳ್ಳುತ್ತ ಮುಖ ಹಿಂಡಿಕೊಂಡಿತ್ತು. "ಮೆಲ್ಲಗೆ ಬಿಡ್ಸಮ್ಮ ಸಿಕ್ಕ, ಮಗೀಗೆ ನೋಯ್ತೈತೆ" ಎಂದು ಆ ಅಜ್ಜಿಗೇ ಹೇಳಿದರು. ಇನ್ನೊಂದರಲ್ಲಿ ಒಬ್ಬ ಮುದುಕಿ, ಪಕ್ಕದಲ್ಲಿ ಹಳೆಯ ಟೀವಿ, ಅದರ ಮೇಲೆ ಕ್ರೋಶಾ ಹೆಣೆದ ಬಟ್ಟೆ, ಪ್ಲಾಸ್ಟಿಕ್ ಹೂವು. ಅತ್ತೆ ನನ್ನ ಕಡೆ ತಿರುಗಿ, "ಅವರ ಮನೇಲೂ ಟೀವಿಗೆ ಬಟ್ಟೆ ಹಾಕವ್ರೆ. ನಿಂಗೆ ಮೂರು ವರ್ಷದಿಂದ ಹೇಳ್ತಾ ಇವ್ನಿ" ಎಂದರು.

ಕನ್ನಡಿ ಹಿಡಿದು ಕೂತ ಒಬ್ಬಳನ್ನು ಬಹಳ ಹೊತ್ತು ನೋಡಿದರು. ಅತ್ತೆಯ ತವರು ಹುಲಿಕೆರೆ, ಹಳೇಬೀಡಿನ ಪಕ್ಕ. "ನಮ್ಮ ಹಳೇಬೀಡಿನ ಗುಡಿ ಗೋಡೆಯಿಂದ ಇಳ್ದು ಬಂದಂಗವ್ಳೆ. ಆದ್ರೆ ಇವಳಿಗೆ ಕುಂತ್ಕಳಾಕೆ ಕುರ್ಚಿ ಕೊಟ್ಟವ್ರೆ. ಅಲ್ಲಿರೋರು ಪಾಪ, ಅವತ್ತಿಂದ ಇವತ್ತಿನವರೆಗೂ ನಿಂತೇ ಅವ್ರೆ."

ಪುಸ್ತಕದ ಮುನ್ನುಡಿಯನ್ನು ಅವತ್ತು ಕೊನೆಗೂ ಓದಿದೆ. ಯೂರೋಪಿನ ದೊಡ್ಡ ದೊಡ್ಡ ಹಳೆಯ ಚಿತ್ರಗಳಲ್ಲಿ ಕಪ್ಪು ಜನ ಇದ್ದರೂ ಅಂಚಿನಲ್ಲಿ ಇರುತ್ತಿದ್ದರಂತೆ, ಹಣ್ಣಿನ ತಟ್ಟೆ ಹಿಡಿದೋ ಕುದುರೆ ಹಿಡಿದೋ. ಈ ಚಿತ್ರಕಾರರು ತಮ್ಮವರನ್ನು ಅಲ್ಲಿಂದ ಕರೆತಂದು ನಡುವೆ ಕೂರಿಸಿದ್ದಾರೆ, ಅವರವರ ಮನೆಯಲ್ಲೇ, ಅವರವರ ಬಟ್ಟೆಯಲ್ಲೇ. ಬೇರೆ ಮಾತುಗಳೆಲ್ಲ ನನಗೆ ಪೂರ್ತಿ ತಿಳಿಯಲಿಲ್ಲ, ತಟ್ಟೆ ಹಿಡಿದು ಅಂಚಿನಲ್ಲಿ ನಿಲ್ಲುವುದು ಮಾತ್ರ ತಕ್ಷಣ ತಿಳಿಯಿತು. ನಮ್ಮ ನೆಂಟರ ಮದುವೆಗಳ ಫೋಟೋಗಳಲ್ಲಿ ನಾನು ಎಲ್ಲಿರುತ್ತೇನೆ ಹೇಳಿ? ಪುಸ್ತಕದಲ್ಲಿದ್ದ ಒಬ್ಬರೂ ನೋಡುವವರಿಗೋಸ್ಕರ ನಗುತ್ತಿರಲಿಲ್ಲ. ಬಂದವರು ನೀವು, ವಿಷಯ ಏನು ಹೇಳಿ, ಎನ್ನುವ ಹಾಗೆ ನೇರವಾಗಿ ನೋಡುತ್ತಿದ್ದರು. ಕಪ್ಪು ಕೂಡ ಒಬ್ಬೊಬ್ಬರದು ಒಂದೊಂದು. ಒಬ್ಬರ ಕೆನ್ನೆಯಲ್ಲಿ ನೇರಳೆ, ಒಬ್ಬರ ಕುತ್ತಿಗೆಯಲ್ಲಿ ಕಾವಿ, ಒಬ್ಬಳ ಹಣೆಯ ಮೇಲೆ ಹಸಿರು ನೆರಳು.

ಅತ್ತೆ ಪುಸ್ತಕ ಮುಚ್ಚಿ ಮೂಸಿದರು. "ನಿಂಬೆಕಾಯಿ ವಾಸ್ನೆ ಬತ್ತೈತೆ" ಎಂದರು. ಆಮೇಲೆ, "ಹಿಂಗೆ ಬರಿ ನಿಮ್ಮ ಮಾವನ್ನ."

"ನಾನಾ? ನನಗೆ ಗ್ಲಾಸ್ ಪೇಂಟಿಂಗ್ ಅಷ್ಟೇ ಬರೋದು ಅತ್ತೆ. ನವಿಲು, ಗಣಪತಿ..."

"ಬೆಳ್ಳಗೆ ಮಾಡಾಕೆ ಬಂತಲ್ಲ, ಕಪ್ಪು ಮಾಡಾಕೂ ಬತ್ತದೆ."

ಗೊತ್ತಿತ್ತು ಅವರಿಗೆ. ನಮ್ಮವರು ಹೇಳಿಬಿಟ್ಟಿದ್ದರು. ನಾನು ಎದ್ದು ಬಣ್ಣ, ಬ್ರಷ್ಷು ಹುಡುಕತೊಡಗಿದೆ.

ಶನಿವಾರ ಮಧ್ಯಾಹ್ನ ಫಿಲೋಮಿನಾಗೆ ವಿಡಿಯೋ ಕರೆ ಮಾಡಿದೆ. ಅಲ್ಲಿನ್ನೂ ಬೆಳಿಗ್ಗೆ, ಹಲ್ಲುಜ್ಜುತ್ತಿದ್ದಳು. ಕಥೆ ಕೇಳಿ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನಕ್ಕು, "ಇರೇ, ನಮ್ಮ ಪಕ್ಕದ ಮನೆಯವಳು ಇದನ್ನೇ ಮಾಡೋದು" ಎಂದು ಫೋನು ಹಿಡಿದುಕೊಂಡೇ ಓಡಿದಳು. ಪಕ್ಕದ ಮನೆಯಲ್ಲಿ ಅಬೆನಾ ಎಂಬ ಚಿತ್ರಕಾರ್ತಿ. ಮೂವತ್ತರ ಹುಡುಗಿ, ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು, ಮೂಗಿನ ಮೇಲೊಂದು ಬಿಳಿ ಬಣ್ಣದ ಚುಕ್ಕೆ. ಅವಳ ಜನದಲ್ಲಿ ಹುಟ್ಟಿದ ವಾರದ ಹೆಸರಿಡುತ್ತಾರೆ, ಮಂಗಳವಾರ ಹುಟ್ಟಿದವಳು ಅಬೆನಾ, ಎಂದಳು ಫಿಲೋಮಿನಾ.

"ಹಂಗಾದ್ರೆ ಮಂಗಳವ್ವ ಅನ್ನು" ಎಂದು ಅತ್ತೆ ನನ್ನ ಭುಜದ ಮೇಲಿಂದ ಮುಖ ತೂರಿಸಿದರು. "ಏನವ್ವಾ ಮಂಗಳವ್ವ, ನಿಂದು ಯಾವೂರು?"

ಫಿಲೋಮಿನಾ ಇಂಗ್ಲಿಷಿಗೆ ತಿರುಗಿಸಿ ಕೇಳಿದಳು. ಆ ಹುಡುಗಿ ನಕ್ಕು ಏನೋ ಉದ್ದಕ್ಕೆ ಹೇಳಿತು. "ಅಮ್ಮ, ಅದೊಂದೇ ಪ್ರಶ್ನೆ ಕೇಳಬೇಡಿ ಅಂತಾಳೆ ಇವಳು. ಹುಟ್ಟಿದ್ದು ಲಂಡನ್. ಅಲ್ಲಿ ಎಲ್ಲರೂ 'ನಿಜವಾಗ್ಲೂ ಯಾವೂರು' ಅಂತ ಕೇಳ್ತಿದ್ರಂತೆ. ಸರಿ ಅಂತ ಅಜ್ಜ ಅಜ್ಜಿ ಊರಿಗೆ ಬಂದ್ರೆ ಇಲ್ಲಿ ಲಂಡನ್‌ನೋಳು ಅಂತಾರಂತೆ."

"ಅಯ್ಯೋ, ನನ್ನ ಕಥೆನೇ ಆಯ್ತಲ್ಲವ್ವ! ಇಲ್ಲಿಗೆ ಬಂದು ಐವತ್ತು ವರ್ಷ ಆದ್ರೂ ಹುಲಿಕೆರೆಯೋಳು ಅಂತಾರೆ. ಹುಲಿಕೆರೆಗೋದ್ರೆ ಅರಸೀಕೆರೆಯೋರು ಬಂದ್ರು, ಕುರ್ಚಿ ಹಾಕ್ರಿ ಅಂತಾರೆ. ನಾನಂತೂ ಆ ಕುರ್ಚಿ ಮೇಲೆ ಕುಂತು ಕಾಪಿ ಕುಡ್ದು ಬತ್ತೀನಿ. ನೀನೂ ಹಂಗೇ ಮಾಡು."

ಇದನ್ನು ತಿರುಗಿಸಿ ಹೇಳಲು ಫಿಲೋಮಿನಾ ಬಹಳ ಹೊತ್ತು ತೆಗೆದುಕೊಂಡಳು. ಅಬೆನಾ ತಲೆ ಹಿಂದಕ್ಕೆ ಹಾಕಿ ನಕ್ಕಳು. ಆಮೇಲೆ ಅವಳ ಗೋಡೆಯ ಮೇಲಿದ್ದ ಒಂದು ಚಿತ್ರ ತೋರಿಸಿದಳು, ಪಕ್ಕದಲ್ಲಿ ಅದರ ಮೂಲ ಫೋಟೋ. ಅವಳ ಅಜ್ಜನದು. ಲಂಡನ್ನಿನ ಯಾವುದೋ ಸ್ಟುಡಿಯೋದಲ್ಲಿ ಬಿಳಿಯರಿಗೆ ಹೊಂದಿಸಿದ್ದ ಬೆಳಕಿನಲ್ಲೇ ಅವರ ಫೋಟೋ ತೆಗೆದಿದ್ದರಂತೆ. ಕತ್ತಲಲ್ಲಿ ಎರಡು ಕಣ್ಣು, ಒಂದು ಸಾಲು ಹಲ್ಲು, ಕಾಲರು. ಅಷ್ಟನ್ನೇ ಇಟ್ಟುಕೊಂಡು ಅಜ್ಜಿಯನ್ನು ಕೇಳಿ ಕೇಳಿ ಮುಖ ಬರೆದಳಂತೆ. ಅವಳ ಅಜ್ಜ ಕತ್ತಲಲ್ಲಿ ಕಳೆದುಹೋಗಿದ್ದರು, ನಮ್ಮ ಮಾವ ಬೆಳಕಿನಲ್ಲಿ.

ಅವಳು ನನಗೆ ಹೇಳಿಕೊಟ್ಟಿದ್ದು ಎರಡೇ ಮಾತು. ಮೊದಲನೆಯದು, ಕಪ್ಪು ಟ್ಯೂಬಿನ ಮುಚ್ಚಳ ತೆಗೆಯಬೇಡ. ಅದರಲ್ಲೇ ಬರೆಯುವ ಗಟ್ಟಿಗರಿದ್ದಾರೆ, ಆದರೆ ನೀನು ಕಂದು, ಕಡುನೀಲಿ, ಇಟ್ಟಿಗೆಗೆಂಪು ಇಷ್ಟರಲ್ಲೇ ಕಲಸು. ಎರಡನೆಯದು, ಅವರ ಮುಖದಲ್ಲಿ ಮಾತ್ರ ಇದ್ದು ಬೇರೆ ಯಾರಲ್ಲೂ ಇಲ್ಲದ್ದು ಏನು ಅಂತ ಹೆಂಡತಿಯನ್ನು ಕೇಳು.

ಕೇಳಿದರೆ ಹೆಂಡತಿಗೆ ನೆನಪಿಗೆ ಬಂದಿದ್ದೆಲ್ಲ ಅಡುಗೆಯ ಸಾಮಾನು. "ಬಣ್ಣ ಅಂದ್ರೆ... ಜೋನಿಬೆಲ್ಲ. ಅಲ್ಲ ಅಲ್ಲ, ಹಳೇ ಹುಣಸೆಹಣ್ಣು." ನಮ್ಮವರು, "ಇಲ್ಲ ಅವ್ವ, ಅಪ್ಪ ನೇರಳೆಹಣ್ಣಿನ ಥರ" ಎಂದರು. ಕೊನೆಗೆ ನಾನು ಆ ಸೊಟ್ಟ ಬಟ್ಟಲಿನಲ್ಲಿ ಬಣ್ಣ ಹಿಂಡಿ ಕಲಸುತ್ತ ಕೂತೆ, ಅತ್ತೆ ಪಕ್ಕದಲ್ಲಿ ಮಣೆ ಹಾಕಿಕೊಂಡರು. ಒಂದು ತಟ್ಟೆಯಲ್ಲಿ ಬೆಲ್ಲ, ಹುಣಸೆ, ಹುರಿದ ರಾಗಿ, ಒಂದು ಲೋಟ ಕಾಫಿ ಡಿಕಾಕ್ಷನ್ನು.

"ಇನ್ನೂ ಹಸಿ ಐತೆ. ಇನ್ನೊಂದು ಸ್ವಲ್ಪ ಹುರಿ."

ನಾನು ಕಂದು ಹಾಕಿದೆ.

"ಹಾಂ, ಈಗ ಘಂ ಅಂತು. ನೀಲಿ ಹಾಕು ಒಂದು ಚಿಟಿಕೆ. ಅಯ್ಯಯ್ಯೋ, ಚಿಟಿಕೆ ಅಂದ್ರೆ ಸೌಟಲ್ಲಿ ಹಾಕ್ತೀಯಲ್ಲೇ! ಸೀದೋಯ್ತು."

ನಮ್ಮವರು ಶಾಲೆಯಿಂದ ಬಂದ ಕೂಡಲೇ ಅಂಗಿಯ ತೋಳು ಮಡಿಸಿ ಬಟ್ಟಲಿನ ಪಕ್ಕ ಕೈಯಿಡಬೇಕಿತ್ತು, ಹೋಲಿಸಿ ನೋಡಲು. "ಇವ್ನು ನೆರಳಲ್ಲಿ ಪಾಠ ಮಾಡೋನು, ಇವನಿಗಿಂತ ಎರಡು ಹದ ಜಾಸ್ತಿ" ಎನ್ನುವುದು ಅತ್ತೆಯ ಅಳತೆ. ಮೂರನೆಯ ದಿನ ಬಣ್ಣ ಬಂತು. ಅದೇನು ಬಣ್ಣ ಎಂದು ನನಗೆ ಈಗಲೂ ಹೇಳಲು ಬಾರದು. ಅತ್ತೆ ಮಾತ್ರ ಬೆರಳದ್ದಿ ನೋಡಿ, ಇನ್ನೇನು ಬಾಯಿಗೆ ಇಟ್ಟುಕೊಳ್ಳುತ್ತಿದ್ದರು.

ಮುಖ ಬರಲಿಲ್ಲ. ಮೊದಲ ಸಲ ಬರೆದಾಗ ಪುಸ್ತಕದ ಹಳದಿ ಸೋಫಾದ ಗೌಡರೇ ನಮ್ಮ ಪಂಚೆ ಉಟ್ಟು ಕೂತ ಹಾಗಾಯಿತು. ಅದರ ಮೇಲೇ ತಿದ್ದಿದೆ. ಎರಡನೆಯ ಸಲ ನಮ್ಮ ಪೋಸ್ಟ್‌ಮ್ಯಾನು ಬಂದರು. ಅತ್ತೆ ಬಂದು ನೋಡುವುದು, ತಲೆಯಾಡಿಸುವುದು, ಹೋಗುವುದು. ಅಮಾವಾಸ್ಯೆಗೆ ಎರಡೇ ದಿನ ಇತ್ತು. ಅವರು ಬಾಯಿಬಿಟ್ಟು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯುತ್ತಿರಲಿಲ್ಲ. ಕಣ್ಣು ಮುಚ್ಚಿ ಕೂತು, ಒಳಗೆ ಏನೋ ಹುಡುಕುತ್ತಿದ್ದರು.

"ಅತ್ತೆ, ಮಾವ ಕೆಲಸದಿಂದ ಬಂದ ಕೂಡಲೇ ಏನು ಮಾಡ್ತಿದ್ರು?" ಎಂದು ಸುಮ್ಮನೆ ಕೇಳಿದೆ.

"ಏನ್ ಮಾಡ್ತಾರೆ. ಒಳಗೆ ಬಂದು ಕುಂತು ರುಮಾಲು ಬಿಚ್ಚಿ..." ಎಂದವರು ಅಲ್ಲೇ ನಿಂತರು. "ರುಮಾಲು ಬಿಚ್ಚಿದ್ರೆ ಇಲ್ಲೊಂದು ಪಟ್ಟಿ ಕಣೇ. ಹಣೆ ಮೇಲ್ಗಡೆ. ರುಮಾಲಿನ ಒಳಗಿರೋ ಕಡೆ ಬಿಸಿಲು ಬೀಳ್ತಿರ್ಲಿಲ್ವಲ್ಲ, ಅಲ್ಲಿಗೊಂದು ಬಣ್ಣ, ಕೆಳಕ್ಕೊಂದು ಬಣ್ಣ. ಗೆರೆ ಎಳ್ದಂಗೆ. ಯಾರ್ಗೂ ಗೊತ್ತಿಲ್ಲ ಅದು. ಹೊರಗೆ ಬಿಚ್ತಾನೆ ಇರ್ಲಿಲ್ಲ."

ನಾನು ಚಿತ್ರದಲ್ಲಿ ಮಾವನ ತಲೆಯ ಮೇಲಿದ್ದ ರುಮಾಲನ್ನು ಅಳಿಸಿ ಅವರ ತೊಡೆಯ ಮೇಲಿಟ್ಟೆ. ಕೂದಲ ಅಂಚಿನವರೆಗೆ ಎರಡು ಬೆರಳಗಲ ತಿಳಿಗಂದು ಎಳೆದೆ. ಅದೊಂದು ಪಟ್ಟಿಗೆ ಕೆಳಗಿನ ಮುಖವೆಲ್ಲ ತಾನಾಗಿಯೇ ಬಿಸಿಲು ಕಂಡ ಮುಖವಾಯಿತು. ಅತ್ತೆ ಕಾಫಿ ಹಿಡಿದು ಬಂದರು. ಬಾಗಿಲಲ್ಲೇ ನಿಂತರು. ಲೋಟ ಓರೆಯಾಗಿ ಕಾಫಿ ನೆಲದ ಮೇಲೆ ಸುರಿಯುತ್ತಿತ್ತು, ಅವರಿಗೆ ಗೊತ್ತಾಗಲಿಲ್ಲ. ಇನ್ನೊಂದು ಕೈ ಮಾತ್ರ ತಾನಾಗಿಯೇ ಮೇಲೆ ಹೋಗಿ, ಭುಜದಿಂದ ಜಾರಿದ್ದ ಸೆರಗನ್ನು ಸರಿಮಾಡಿತು.

ಆಮೇಲೆ, "ಮೂಗು ಅವರದಲ್ಲ" ಎಂದರು. "ಇರ್ಲಿ ಬಿಡು. ಅವರಪ್ಪಂದು ಹಿಂಗೇ ಇತ್ತು."

ಅಮಾವಾಸ್ಯೆಯ ದಿನ ಹಗರೆಯಿಂದ ನಮ್ಮ ಚಿಕ್ಕಮಾವ, ಎಂದರೆ ಮಾವನವರ ತಮ್ಮ ರಂಗಪ್ಪನವರು, ಹೆಂಡತಿಯ ಜೊತೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರೇ ಗೋಡೆ ನೋಡಿ ಗಾಬರಿಯಾದರು. "ಅತ್ಗೆಮ್ಮ, ಅಣ್ಣ ಇಷ್ಟು ಕಪ್ಪಿದ್ನಾ? ನಮ್ಮ ಮನೇಲಿ ಯಾರೂ ಇಷ್ಟು ಕಪ್ಪಿಲ್ವಲ್ಲ!"

"ಬಾ ಇಲ್ಲಿ" ಎಂದರು ಅತ್ತೆ. "ಪಕ್ಕದಲ್ಲಿ ನಿಂತ್ಕ. ಶೋಭಾ, ಲೈಟ್ ಹಾಕು."

ಚಿಕ್ಕಮಾವ ನಿಂತರು. ಅಣ್ಣನಿಗಿಂತ ಒಂದು ಹದ ಜಾಸ್ತಿಯೇ ಹುರಿದಿದ್ದರು.

"ಬಿಸ್ಲಲ್ಲಿ ಬಂದೆ ಅತ್ಗೆಮ್ಮ, ಅದಕ್ಕೆ."

"ಎಪ್ಪತ್ತು ವರ್ಷದಿಂದ ಬಿಸ್ಲಲ್ಲೇ ಬತ್ತಾ ಇದ್ದೀಯೇನೋ?"

ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದರು. ಸ್ವಲ್ಪ ಹೊತ್ತಿಗೆ ಚಿಕ್ಕಮಾವ ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ಶೋಭಮ್ಮ, ನಂದೂ ಒಂದು ಈಗ್ಲೇ ಬರ್ದಿಟ್ಬುಡು. ನಮ್ ಹುಡುಗ್ರನ್ನ ನಂಬಂಗಿಲ್ಲ. ಆಮೇಲೆ ಯಾರ್ನೋ ತಂದು ಕೂರಿಸ್ಬುಟ್ರೆ ನಾನೆಲ್ಲಿ ಹೋಗಿ ಉಣ್ಲಿ?" ಎಂದರು.

ಕೋಟಿನವರನ್ನು ಏನು ಮಾಡುವುದು ಎಂಬ ಪ್ರಶ್ನೆಯೂ ಬಂತು. ನಮ್ಮವರು ಅಟ್ಟಕ್ಕೆ ಹಾಕೋಣ ಎಂದರು. ಅತ್ತೆಗೆ ಮನಸ್ಸು ಬರಲಿಲ್ಲ. "ಪಾಪ, ಆರು ವರ್ಷ ನಮ್ಮನೇಲಿದ್ದ. ಅವನಿಗೂ ಹಿತ್ತಲ ಕಟ್ಟೆ ಮೇಲೆ ಒಂದು ಎಲೆ ಹಾಕು. ಕೋಳಿಸಾರು ಅಭ್ಯಾಸ ಆಗೋಗೈತೆ ಅವನಿಗೆ." ಹಾಕಿದೆ.

ಎಡೆಗೆ ಅತ್ತೆಯೇ ಒಲೆಯ ಮುಂದೆ ಕೂತರು. ಮುದ್ದೆ, ನಾಟಿಕೋಳಿ ಸಾರು, ವಡೆ, ಕಜ್ಜಾಯ, ಎಲೆಯ ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಎಲ್ಲ ಬಡಿಸಿ, ಧೂಪ ಹಾಕಿ, ಕೈಮುಗಿದು, ಒಬ್ಬೊಬ್ಬರೇ ಹೊರಗೆ ಬಂದೆವು. ನಮ್ಮವರು ಬಾಗಿಲು ಮುಂದೆಳೆದರು. ಜಗಲಿಯ ಮೇಲೆ ನಿಂತು ಎಣಿಸಿದರೆ ಒಬ್ಬರು ಕಡಿಮೆ.

ಒಳಗಿಂದ ಮಾತು ಕೇಳುತ್ತಿತ್ತು. ಆ ಕೋಟಿನವರ ಮುಂದೆ ಅತ್ತೆ ಆರು ವರ್ಷ ಕೈಮುಗಿದಿದ್ದನ್ನು ಕಂಡಿದ್ದೆ, ಒಂದು ಮಾತಾಡಿದ್ದನ್ನು ಕಂಡಿರಲಿಲ್ಲ. ಈಗ ತಡೆಯಿಲ್ಲದೆ ಬೈಯುತ್ತಿದ್ದರು. "ಏನು ಹಂಗೆ ನೋಡ್ತೀರಿ? ಉಪ್ಪು ಸರಿಯಾಗೈತೆ, ಉಣ್ರಿ... ಹೇಳ್ದೆ ಕೇಳ್ದೆ ಹಂಗೆ ಎದ್ದು ಹೋಗಾದಾ? ಒಂದು ಮಾತು ಹೇಳ್ಬೇಕು ಅನ್ನಿಸ್ನಿಲ್ವಾ ನಿಮಗೆ?... ನಿಧಾನವಾಗಿ, ಬಿಕ್ಕಳಿಸ್ಕಬೇಡಿ."

"ಅತ್ಗೆಮ್ಮ ಒಳಗೇ ಅವ್ರಲ್ಲೋ!" ಎಂದರು ಚಿಕ್ಕಮಾವ. "ಯಾರೂ ಇರಬಾರ್ದು ಒಳಗೆ."

ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಬೆಳಗಿನಿಂದ ಯಾರೂ ಏನೂ ತಿಂದಿರಲಿಲ್ಲ, ಸಾರಿನ ವಾಸನೆ ಬಾಗಿಲ ಸಂದಿಯಿಂದ ಬಂದು ನಮ್ಮನ್ನು ಅಣಕಿಸುತ್ತಿತ್ತು. ಚಿಕ್ಕಮಾವ ತಡೆಯಲಾರದೆ ಬಾಗಿಲು ತಟ್ಟಿದರು. "ಅತ್ಗೆಮ್ಮ, ಅಣ್ಣಂದು ಊಟ ಆಗಿರ್ಬೇಕು. ಬಾಗ್ಲು ತೆಗೀಲಾ?"

"ತಾಳೋ!" ಎಂದಿತು ಒಳಗಿನ ದನಿ. "ಇನ್ನೂ ಮೊದಲನೇ ವರ್ಷದ್ದೇ ಉಣ್ತಾವ್ರೆ!"